ಕಟಪಾಡಿ ಅಕ್ಕನ ಪ್ರಿಂಟರ್: ಹೊಸ ರೌಟರಿಗೆ ಹಳೇ ಹೆಸರನ್ನೇ ಇಡಿ

ಅಕ್ಕ, ನಿಮ್ಮ ಪ್ರಿಂಟರ್ ಹಾಳಾಗಿಲ್ಲ, ಮೊದಲು ಆ ಹೆದರಿಕೆ ಬಿಡಿ. ಸಿಡಿಲಿಗೆ ಹಳೇ ರೌಟರ್ ಹೋಯಿತು, ಹೊಸದು ಹಾಕಿದ ಮೇಲೆ ಮೊಬೈಲ್, ಟಿವಿ ಎಲ್ಲ ಸರಿ ಉಂಟು, ಪ್ರಿಂಟರಿನ ನೀಲಿ ದೀಪ ಮಾತ್ರ ಮಿಣುಕುತ್ತಲೇ ಉಂಟು, ಗುಳ್ಳದ (ಬದನೆಯ) ಬೀಜದ ಪೊಟ್ಟಣಗಳಿಗೆ ಚೀಟಿ ಬರುತ್ತಿಲ್ಲ ಎಂದಿರಲ್ಲ. ಅದಕ್ಕೆ ಅಂಗಡಿಯವರು ಹೊಸ ಪ್ರಿಂಟರ್ ತೆಗೆದುಕೊಳ್ಳಿ ಎಂದದ್ದು ನೋಡಿ ಬೇಸರವಾಯಿತು. ದಯವಿಟ್ಟು ತೆಗೆದುಕೊಳ್ಳಬೇಡಿ.

ಆ ದೀಪ ಮಿಣುಕುವುದು ಹಳೇ ವೈಫೈಯನ್ನು ಹುಡುಕುತ್ತಾ. ಪ್ರಿಂಟರಿನ ನೆನಪಿನಲ್ಲಿ ಇರುವುದು ಹಳೇ ಹೆಸರು, ಹಳೇ ಪಾಸ್‌ವರ್ಡ್. ಹಾಗಾಗಿ ಸುಲಭದ ದಾರಿ ಒಂದುಂಟು: ಹೊಸ ರೌಟರಿಗೆ ಅದೇ ಹಳೇ ಹೆಸರು, ಅದೇ ಪಾಸ್‌ವರ್ಡ್ ಇಡುವುದು. ರೌಟರಿನ ಸೆಟ್ಟಿಂಗ್ಸ್ ತೆರೆಯಲು, ಹೊಸ ವೈಫೈಗೆ ಸೇರಿದ ಮೊಬೈಲಿನ ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಹಾಕಿ. ಯಾವುದು ಎಂಬುದು, ಲಾಗಿನ್ ಸಮೇತ, ಹೆಚ್ಚಾಗಿ ರೌಟರಿನ ಅಡಿಯ ಸ್ಟಿಕ್ಕರಿನಲ್ಲೇ ಇರುತ್ತದೆ. ವೈರ್‌ಲೆಸ್ ಎಂಬಲ್ಲಿ ಹೆಸರು, ಪಾಸ್‌ವರ್ಡ್ ಎರಡೂ ಬದಲಿಸಿ. ದೊಡ್ಡ ಅಕ್ಷರ, ಸಣ್ಣ ಅಕ್ಷರ, ನಡುವಿನ ಜಾಗ ಎಲ್ಲ ಹಳೆಯದರ ಹಾಗೇ ಇರಬೇಕು. ಒಂದು ಅಕ್ಷರ ತಪ್ಪಿದರೂ ಪ್ರಿಂಟರಿಗೆ ಅದು ಬೇರೆಯೇ ವೈಫೈ. ಹೆಸರು ನೆನಪಿಲ್ಲದಿದ್ದರೆ ಸತ್ತ ರೌಟರನ್ನು ಮಗುಚಿ ನೋಡಿ, ನೀವು ಬದಲಿಸಿರದಿದ್ದರೆ ಅಲ್ಲೇ ಬರೆದಿರುತ್ತದೆ.

ಇಷ್ಟು ಮಾಡಿಯೂ ಸೇರದಿದ್ದರೆ ಎರಡು ವಿಷಯ ನೋಡಿ. ನಮ್ಮ ಮನೆಯಲ್ಲಿ ಒಂದಿಡೀ ಸಂಜೆ ತಿಂದದ್ದು ಇವೇ. ಮನೆಬಳಕೆಯ ಹೆಚ್ಚಿನ ಹಳೇ ಪ್ರಿಂಟರುಗಳಿಗೆ ವೈಫೈಯ ಎರಡು ತರಂಗಗಳಲ್ಲಿ 2.4 ಗಿಗಾಹರ್ಟ್ಸ್‌ನದ್ದು ಮಾತ್ರ ಗೊತ್ತು, 5ರದ್ದು ಗೊತ್ತಿಲ್ಲ. ಹಲವು ಹೊಸ ರೌಟರುಗಳು 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಲ್ಲಿ ಕೊಡುತ್ತವೆ. ಅವನ್ನು ಬೇರೆ ಮಾಡಿ, ಹಳೇ ಹೆಸರನ್ನು 2.4ಕ್ಕೆ ಕೊಡಿ. ಇನ್ನೊಂದು, ಸೆಕ್ಯೂರಿಟಿ ಎಂಬಲ್ಲಿ ಡಬ್ಲ್ಯೂಪಿಎ3 (ವೈಫೈಯ ಹೊಸ ಭದ್ರತಾ ವಿಧಾನ) ಇದ್ದರೆ ಹಳೆಯದಾದ ಡಬ್ಲ್ಯೂಪಿಎ2ಕ್ಕೆ ಇಳಿಸಿ. ಪಾಸ್‌ವರ್ಡ್ ಸರಿಯಿದ್ದರೂ ನಮ್ಮ ಪ್ರಿಂಟರ್ ಒಪ್ಪದೇ ಇದ್ದದ್ದು ಇದಕ್ಕೇ. ಬದಲಿಸಿ ಅರ್ಧ ನಿಮಿಷವಾಗಿರಲಿಲ್ಲ, ಮಿಣುಕುತ್ತಿದ್ದ ದೀಪ ಗಟ್ಟಿಯಾಗಿ ನಿಂತಿತು.

ಸೇರಿಸುವಾಗ ಪ್ರಿಂಟರನ್ನು ರೌಟರ್ ಇರುವ ಕೋಣೆಗೇ ತನ್ನಿ. ನಮ್ಮ ಮುರಕಲ್ಲಿನ ದಪ್ಪ ಗೋಡೆ ದಾಟುವಾಗ ಸಿಗ್ನಲ್ ತುಂಬ ಸೊರಗುತ್ತದೆ ಮಾರಾಯ್ರೆ.

ದೀಪ ಮಿಣುಕುವುದು ನಿಂತರೂ ಲ್ಯಾಪ್‌ಟಾಪ್ "ಆಫ್‌ಲೈನ್" ಎನ್ನಬಹುದು. ಗಾಬರಿ ಬೇಡ. ಲ್ಯಾಪ್‌ಟಾಪ್ ಹೆಚ್ಚಾಗಿ ಇನ್ನೂ ಪ್ರಿಂಟರಿನ ಹಳೇ ಐಪಿ ವಿಳಾಸಕ್ಕೇ (ರೌಟರ್ ಅದಕ್ಕೆ ಕೊಟ್ಟ ಸಂಖ್ಯೆಗೆ) ಕಳಿಸುತ್ತಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಪ್ರಿಂಟರನ್ನು ತೆಗೆದು, ಹೊಸದಾಗಿ ಸೇರಿಸಿ. ಲ್ಯಾಪ್‌ಟಾಪ್ ಗೆಸ್ಟ್ ವೈಫೈಯಲ್ಲಿ (ಅತಿಥಿಗಳಿಗೆಂದು ಬೇರೆ ಇಟ್ಟದ್ದರಲ್ಲಿ) ಇರಬಾರದು. ಅಲ್ಲಿಂದ ಸಾಮಾನ್ಯವಾಗಿ ಪ್ರಿಂಟರ್ ಕಾಣುವುದಿಲ್ಲ.

ಇನ್ನು ಗುಡುಗು ಬರುವ ಲಕ್ಷಣ ಕಂಡರೆ, ಶುರುವಾಗುವ ಮೊದಲೇ ರೌಟರಿನ ಅಡಾಪ್ಟರ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ತೆಗೆಯಬೇಕು. ಪ್ರಿಂಟರಿನದ್ದೂ ಹಾಗೇ.

ಇಷ್ಟಾಗಿಯೂ ಆಗದಿದ್ದರೆ ಪ್ರಿಂಟರಿನಿಂದಲೇ ನೆಟ್‌ವರ್ಕ್ ವಿವರದ ಹಾಳೆ ಪ್ರಿಂಟ್ ಮಾಡಿ, ಅದಕ್ಕೆ ವೈಫೈ ಬೇಡ. ಅದರಲ್ಲಿ ಐಪಿ 169.254 ಎಂದು ಶುರುವಾಗಿದ್ದರೆ ರೌಟರಿನಿಂದ ವಿಳಾಸ ಸಿಕ್ಕಿಲ್ಲ ಎಂದು ಅರ್ಥ. ಹಾಳೆಯ ಫೋಟೋ ಇಲ್ಲಿ ಹಾಕಿ, ಪಾಸ್‌ವರ್ಡ್ ಕಂಡರೆ ಬೆರಳಿಟ್ಟು ಮುಚ್ಚಿ. ರಾತ್ರಿ ಊಟ ಆದ ಮೇಲೆ ನೋಡಿ ಹೇಳುತ್ತೇನೆ.