ಅಟ್ಟದಿಂದ ಇಳಿಸಿದ ಗಿಟಾರ್‌ಗೆ ಮೊದಲು ಅರ ತಾಗಿಸಬೇಡಿ

ಹತ್ತು ವರ್ಷ ಮೂಲೆಯಲ್ಲಿ ಬಿದ್ದಿದ್ದ ಅಗ್ಗದ ಎಲೆಕ್ಟ್ರಿಕ್ ಗಿಟಾರ್, ತಂತಿ ಒತ್ತಿದರೆ ಜಿರ್ ಅನ್ನುತ್ತೆ, ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾಡೋ, ಆಯಸ್ಕಾಂತ ಇರೋ ಭಾಗ) ಬದಲಿಸಿ ಬಣ್ಣ ಹೊಡೆಸಿದರೆ ಸರಿ ಹೋಗುತ್ತಾ ಇಲ್ಲಾ ಹೊಸದನ್ನೇ ಕೊಳ್ಳಲಾ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೇ ನನ್ನ ಗಿಟಾರ್ ನೆನಪಾಯಿತು.

ನಂದು ಶಿರಸಿ ಹತ್ತಿರ ನಮ್ಮ ಮನೆ ಅಟ್ಟದಲ್ಲಿತ್ತು. ಚಿಕ್ಕಪ್ಪ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, 2008ರಲ್ಲಿ, 5,500 ರೂಪಾಯಿ ಕೊಟ್ಟು ತಗೊಂಡಿದ್ದು. ಸ್ಟ್ರಾಟೋಕಾಸ್ಟರ್ ಮಾದರಿ, ಕಪ್ಪು ಬಣ್ಣ, ಮೂರು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್. ಮದುವೆ ಆದಮೇಲೆ ಅದನ್ನು ಊರಿಗೆ ತಂದಿಟ್ಟು ಹೋದರು. ಆಮೇಲೆ ಎಂಟೊಂಬತ್ತು ಮಳೆಗಾಲ ಅದು ಅಡಿಕೆ ಚೀಲಗಳ ಪಕ್ಕ ಹಳೇ ಕಂಬಳಿಯೊಳಗೆ ಮಲಗಿತ್ತು. ನಾನು ಇಳಿಸಿದಾಗ ಅದರಲ್ಲಿ ಒಂದು ತಂತಿಯೂ ಇರಲಿಲ್ಲ. ಅಪ್ಪ ಎಲ್ಲ ಬಿಚ್ಚಿ ಬಸಳೆ ಚಪ್ಪರ ಕಟ್ಟಿದ್ದರು. ಈ ತಂತಿ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಅದನ್ನು ಬೆಂಗಳೂರಿಗೆ ತಂದು ಒಂದು ಭಾನುವಾರ ಪೂರ್ತಿ ಒರೆಸಿದೆ. ಫ್ರೆಟ್‌ಗಳ (ಬೆರಳು ಒತ್ತೋ ಹಲಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳ) ಬದಿಯಲ್ಲಿ ಬೆರಳಿನ ಕೊಳೆ ಗಟ್ಟಿಯಾಗಿ ಅಂಟಿತ್ತು, ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಕೆರೆದರೆ ಬೆಲ್ಲದ ಪಾಕ ಒಣಗಿದ ಹಾಗೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಕೆಳಗಿನ ರೋಸ್‌ವುಡ್ ಕಂಡಾಗ ಆದ ಖುಷಿ ಹೇಳೋಕಾಗಲ್ಲ. ಹೊಸ 9-42 ಸೆಟ್ (ತೆಳು) ತಂತಿ ಹಾಕಿ ಶ್ರುತಿ ಮಾಡಿದೆ. ನಟ್ (ಗಿಟಾರ್‌ನ ತಲೆಯ ಹತ್ತಿರ ತಂತಿಗಳು ಕೂರೋ ಗಾಡಿ ಇರೋ ಪಟ್ಟಿ) ಕಡೆಯ ನಾಲ್ಕೈದು ಫ್ರೆಟ್‌ಗಳಲ್ಲಿ ಎಲ್ಲಿ ಒತ್ತಿದರೂ ಜಿರ್ರ್. ಖಾಲಿ ತಂತಿ ಮೀಟಿದರೂ ಜಿರ್ರ್. ಗಿಟಾರ್‌ನ ಮೈ ಕಡೆಗೆ ಹೋದರೆ, 12ನೇ ಫ್ರೆಟ್ ದಾಟಿದರೆ, ಚೊಕ್ಕ ಸ್ವರ.

ಇಲ್ಲೇ ನಾನು ತಪ್ಪು ಮಾಡಿದ್ದು. ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ನೀವು ಬರೆದಿರೋ ಲಕ್ಷಣವೂ ಹೆಚ್ಚುಕಡಿಮೆ ಇದೇ.

ಕೆಲವು ಫ್ರೆಟ್ ಎತ್ತರ ಇವೆ, ತಂತಿ ಅದಕ್ಕೆ ತಾಗುತ್ತಿದೆ ಅಂದುಕೊಂಡೆ. ಉದ್ದನೆಯ ಕಬ್ಬಿಣದ ಸ್ಕೇಲ್ ಇಟ್ಟು ನೋಡಿದೆ. ನಿಜವಾಗಿಯೂ ಮಧ್ಯದವು, 5ರಿಂದ 9ರವರೆಗೆ, ಎತ್ತರ ಇದ್ದವು, ಸ್ಕೇಲ್ ಅವುಗಳ ಮೇಲೆ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಸರಿ, ಎತ್ತರ ಇದ್ದಿದ್ದನ್ನು ಇಳಿಸೋಣ ಅಂತ ಚಪ್ಪಟೆ ಅರ ತಗೊಂಡು ಉಜ್ಜಿದೆ. ಎರಡು ಸಂಜೆ ಉಜ್ಜಿದೆ. ಸ್ಕೇಲ್ ತೂಗೋದು ನಿಂತಿತು, ಸದ್ದೂ ಕಡಿಮೆ ಆಯಿತು, ಗೆದ್ದೆ ಅಂದುಕೊಂಡೆ.

ಎತ್ತರ ಇದ್ದಿದ್ದು ಫ್ರೆಟ್ ಅಲ್ಲ. ಫ್ರೆಟ್‌ಗಳು ಕೂತಿರೋ ಉದ್ದನೆಯ ಮರ, ಅಂದರೆ ನೆಕ್ಕೇ ಹಿಂದಕ್ಕೆ ಬಾಗಿ ಮಧ್ಯದಲ್ಲಿ ಉಬ್ಬಿತ್ತು. ನೆಕ್ ಒಳಗೆ ಟ್ರಸ್ ರಾಡ್ ಅಂತ ಒಂದು ಸರಳು ಇರುತ್ತೆ. ಆರು ತಂತಿ ಸೇರಿ ನೆಕ್ಕನ್ನು ಮುಂದಕ್ಕೆ ಎಳೀತವೆ, ರಾಡು ಹಿಂದಕ್ಕೆ ಎಳೆಯುತ್ತೆ, ಎರಡೂ ಸರಿಸಮ ಇದ್ದರೆ ನೆಕ್ ಹೆಚ್ಚುಕಡಿಮೆ ನೆಟ್ಟಗೆ. ಚಿಕ್ಕಪ್ಪನ ಕಾಲದಲ್ಲಿ ದಪ್ಪ ತಂತಿಗೆ ತಕ್ಕ ಹಾಗೆ ರಾಡನ್ನು ಬಿಗಿ ಮಾಡಿದ್ದರು. ಆ ತಂತಿಗಳು ಬಸಳೆ ಚಪ್ಪರಕ್ಕೆ ಹೋದಮೇಲೆ ಮುಂದಕ್ಕೆ ಎಳೆಯೋರು ಯಾರೂ ಇಲ್ಲ, ರಾಡು ಒಂದೇ ವರ್ಷಗಟ್ಟಲೆ ಹಿಂದಕ್ಕೆ ಎಳೀತಾ ಕೂತಿದೆ. ಅದರ ಮೇಲೆ ನಾನು ಹಾಕಿದ್ದು ತೆಳು ತಂತಿ, ಅದಕ್ಕೆ ಆ ಬಿಗಿ ಮೀರೋ ಶಕ್ತಿ ಇಲ್ಲ. ಹಿಂದಕ್ಕೆ ಬಾಗಿದ ನೆಕ್ ಸದ್ದು ಮಾಡೋದೇ ನಟ್ ಹತ್ತಿರದ ಫ್ರೆಟ್‌ಗಳಲ್ಲಿ. ಗಿಟಾರ್ ಬಾಯಿಬಿಟ್ಟು ಹೇಳುತ್ತಿತ್ತು, ನನಗೆ ಗೊತ್ತಾಗಲಿಲ್ಲ.

ಕೊನೆಗೆ ರಿಪೇರಿ ಮಾಡೋರೊಬ್ಬರ ಹತ್ತಿರ ತಗೊಂಡು ಹೋದೆ. ಅವರು ಏನೂ ಕೇಳಲಿಲ್ಲ. ಬಡಗಿ ಹಲಗೆ ನೋಡೋ ಹಾಗೆ ಒಂದು ಕಣ್ಣು ಮುಚ್ಚಿ ನೆಕ್ ಉದ್ದಕ್ಕೂ ನೋಡಿದರು, ಆಲನ್ ಕೀ (ಆರು ಮೂಲೆಯ ಸ್ಕ್ರೂ ತಿರುಗಿಸೋ ಕೀಲಿ) ಹಾಕಿ ರಾಡನ್ನು ಎಡಕ್ಕೆ ಕಾಲು ಸುತ್ತು, ಮತ್ತೆ ಕಾಲು ಸುತ್ತು ಸಡಿಲಿಸಿದರು. ಅಷ್ಟೇ. ನೆಕ್ ನೆಟ್ಟಗಾಯಿತು. ಆದರೆ ನೆಕ್ ನೆಟ್ಟಗಾದ ಕೂಡಲೇ ನಾನು ಉಜ್ಜಿದ ಐದು ಫ್ರೆಟ್‌ಗಳು ತಗ್ಗಾಗಿಬಿಟ್ಟವು. 6ನೇ ಫ್ರೆಟ್ ಒತ್ತಿದರೆ ತಂತಿ ಹೋಗಿ 10, 11ಕ್ಕೆ ತಾಗೋದು. ಸವೆದ ಲೋಹ ವಾಪಸ್ ಬರಲ್ಲ. ಎಲ್ಲ ಫ್ರೆಟ್ ಕಿತ್ತು ಹೊಸದು ಹಾಕಿಸೋಕೆ 6,000 ರೂಪಾಯಿ ಆಯಿತು. ಗಿಟಾರ್‌ನ ಬೆಲೆಗಿಂತ 500 ಜಾಸ್ತಿ. ಒಂದು ಆಲನ್ ಕೀಯ ಅರ್ಧ ಸುತ್ತಿನ ಕೆಲಸ ಅದು.

ಅದಕ್ಕೇ ಹೇಳ್ತಿದ್ದೀನಿ, ಪಿಕಪ್ ವಿಷಯ ಈಗ ತಲೆಯಿಂದ ತೆಗೆದುಹಾಕಿ. ಹೀಗೆ ನಟ್ ಹತ್ತಿರ ಜಿರ್ ಅನ್ನೋದಕ್ಕೂ ಪಿಕಪ್‌ಗೂ ಸಂಬಂಧವೇ ಇಲ್ಲ. ಬಣ್ಣದ ವಿಷಯವಂತೂ ಬೇಡವೇ ಬೇಡ. ಗೀರು ಬಿದ್ದಿದ್ದರೆ ಬೀಳಲಿ, ಬಣ್ಣದ ಹಣದಲ್ಲಿ ಮೂರು ನಾಲ್ಕು ಸೆಟ್ ತಂತಿ ಬರುತ್ತೆ. "ಹೊಸದನ್ನೇ ಕೊಳ್ಳಲಾ" ಅಂತ ಕೇಳೋಕೂ ಇದು ಸಮಯ ಅಲ್ಲ, ನೆಕ್ ಹೇಗಿದೆ ಅಂತ ಗೊತ್ತಿಲ್ಲದೆ ಅದಕ್ಕೆ ಉತ್ತರವೇ ಇಲ್ಲ. ಹೊಸ ಅಗ್ಗದ ಗಿಟಾರ್ ತಂದರೂ ನೆಕ್ ನೋಡಿ ಹೊಂದಿಸಲೇಬೇಕು.

ಮೊದಲು ಮಾಡಬೇಕಾದ್ದು ಅಳತೆ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಅಡ್ಜಸ್ಟ್ ಮಾಡೋಕೆ ಬಳಸ್ತಾರಲ್ಲ, ಫೀಲರ್ ಗೇಜ್ (ಸಂದು ಅಳೆಯೋ ತೆಳು ತಗಡುಗಳ ಕಟ್ಟು), ಅದನ್ನು ತಗೊಳ್ಳಿ. ಹೊಸ ತಂತಿ ಹಾಕಿ, ಪೂರ್ತಿ ಶ್ರುತಿ ಮಾಡಿ, ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. 7-8ನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಸುಮಾರು 0.25 ಮಿಲಿಮೀಟರ್ ಸಂದು ಇರಬೇಕು. ಸಂದೇ ಇಲ್ಲ, ತಂತಿ ಅಂಟಿಕೊಂಡಿದೆ ಅಂದರೆ ನಿಮ್ಮದೂ ನನ್ನದರ ಹಾಗೇ ಹಿಂದಕ್ಕೆ ಬಾಗಿರಬಹುದು. ರಾಡನ್ನು ಎಡಕ್ಕೆ ಕಾಲು ಸುತ್ತು ಮಾತ್ರ ಸಡಿಲಿಸಿ, ಮತ್ತೆ ಶ್ರುತಿ ಮಾಡಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಅಳೆಯಿರಿ. ಮರ ನಿಧಾನಕ್ಕೆ ಮಾತು ಕೇಳುತ್ತೆ. ಸಂದು ಜಾಸ್ತಿ ಇದ್ದರೆ ಬಲಕ್ಕೆ, ಅದೂ ಕಾಲು ಸುತ್ತು. ಕೀ ತಿರುಗದಿದ್ದರೆ ಬಲ ಹಾಕಬೇಡಿ, ಅಲ್ಲಿಗೆ ನಿಲ್ಲಿಸಿ ಗೊತ್ತಿರೋರಿಗೆ ತೋರಿಸಿ.

ಉಳಿದಿದ್ದು ಸಣ್ಣ ಕೆಲಸ. ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಮಾಡಿ ಇಪ್ಪತ್ತು ಮೂವತ್ತು ಸಲ ತಿರುಗಿಸಿ, ಬಹುತೇಕ ಹೋಗುತ್ತೆ. ಬೆಂಗಳೂರಲ್ಲಿದ್ದರೆ ಎಸ್‌ಪಿ ರೋಡ್‌ನಲ್ಲಿ ಅದೂ ಸಿಗುತ್ತೆ, ಸೋಲ್ಡರ್ರೂ ಸಿಗುತ್ತೆ. ನನ್ನದರಲ್ಲಿ ಹಿಂದಿನ ಮುಚ್ಚಳದೊಳಗೆ, ಸ್ಪ್ರಿಂಗ್ ಸಿಕ್ಕಿಸೋ ತಗಡಿನಿಂದ ಗ್ರೌಂಡ್ ವೈರ್ ಕಿತ್ತುಹೋಗಿತ್ತು, ಅದಕ್ಕೇ ಆಂಪ್‌ನಲ್ಲಿ (ಸದ್ದು ಜೋರು ಮಾಡೋ ಪೆಟ್ಟಿಗೆಯಲ್ಲಿ) ವಿಪರೀತ ಗುಂಯ್. ನನ್ನ 25 ವ್ಯಾಟ್ ಸೋಲ್ಡರಿಂಗ್ ಐರನ್‌ಗೆ ಆ ದಪ್ಪ ತಗಡು ಕಾಯಲೇ ಇಲ್ಲ, ಪಕ್ಕದ ಟಿವಿ ರಿಪೇರಿ ಅಂಗಡಿಯಿಂದ 60 ವ್ಯಾಟಿನದು ತಂದಮೇಲೆ ಒಂದೇ ಕ್ಷಣದಲ್ಲಿ ಹಿಡಿಯಿತು. ಸಿಂಗಲ್ ಕಾಯಿಲ್ ಆದರೆ ಸ್ವಲ್ಪ ಗುಂಯ್ ಇದ್ದೇ ಇರುತ್ತೆ, ಅದರ ಹಿಂದೆ ಬೀಳಬೇಡಿ.

ಫ್ರೆಟ್ ಹೊಳೆಯಿಸೋಕೆ ಸ್ಟೀಲ್ ವುಲ್ ಬಳಸಿ ಅಂತ ಯಾರಾದರೂ ಹೇಳ್ತಾರೆ. ಬೇಡ. ಅದರ ಸಣ್ಣ ಪುಡಿಯೆಲ್ಲ ಪಿಕಪ್ಪಿನ ಆಯಸ್ಕಾಂತಕ್ಕೆ ಅಂಟಿಕೊಳ್ಳುತ್ತೆ, ಆಮೇಲೆ ತೆಗೆಯೋದು ದೊಡ್ಡ ಗೋಳು. ಮರಕ್ಕೆ ಮಾಸ್ಕಿಂಗ್ ಟೇಪ್ ಹಚ್ಚಿ ಬಟ್ಟೆಯಲ್ಲಿ ಮೆಟಲ್ ಪಾಲಿಶ್ ಹಾಕಿ ಉಜ್ಜಿದರೆ ಸಾಕು.

ಈಗ ಆ ಗಿಟಾರ್ ನನ್ನ ಕೋಣೆಯ ಗೋಡೆಯಲ್ಲಿದೆ, ದಿನಾ ಬಾರಿಸ್ತೀನಿ. ಕಳೆದ ದೀಪಾವಳಿಗೆ ಚಿಕ್ಕಪ್ಪ ಬಂದಾಗ ಕೈಗೆ ಕೊಟ್ಟೆ. ತಂತಿ ಮುಟ್ಟೋಕೆ ಮೊದಲು ಹೆಬ್ಬೆರಳಿಂದ ನೆಕ್ಕಿನ ಹಿಂಭಾಗ ಸವರಿ, ಒಂದು ಸಣ್ಣ ಗುಳಿ ಹುಡುಕಿ, "ಇದು ಬಸ್ಸಿಂದ ಇಳಿಸುವಾಗ ಆಗಿದ್ದು ಕಣೋ" ಅಂದರು. ಬಣ್ಣ ಹೊಡೆಸದೇ ಇದ್ದಿದ್ದಕ್ಕೆ ಆ ಹೊತ್ತು ತುಂಬ ಸಮಾಧಾನ ಆಯಿತು.

ನಿಮ್ಮದರಲ್ಲಿ ಈಗ ಇರೋ ತಂತಿಯ ಗೇಜ್ (ದಪ್ಪ) ಎಷ್ಟು, 7ನೇ ಫ್ರೆಟ್ ಹತ್ತಿರ ಸಂದು ಎಷ್ಟು ಬಂತು, ಎರಡೂ ಬರೆಯಿರಿ. ಅಲ್ಲಿವರೆಗೆ ಏನೂ ಕೊಳ್ಳಬೇಡಿ.