ಲೀಡ್ಸ್‌ನಿಂದ ಒಂದು ದಿನದ ಸವಾರಿ: ಯಾರ್ಕ್‌ಶೈರ್ ಡೇಲ್ಸ್‌ನಲ್ಲಿ ಕಾರುಗಳ ಕಾಟವಿಲ್ಲದ ರಸ್ತೆ ಯಾವುದು?

ಇಂಗ್ಲೆಂಡಿನ ಲೀಡ್ಸ್ ನಗರದಿಂದ ರೈಲಿನಲ್ಲಿ ಸೈಕಲ್ ಹಾಕಿಕೊಂಡು ಹೋಗಿ ಯಾರ್ಕ್‌ಶೈರ್ ಡೇಲ್ಸ್ ಎಂಬ ಗುಡ್ಡ ಕಣಿವೆಗಳ ಸೀಮೆಯಲ್ಲಿ ವಾಹನ ಕಡಿಮೆಯಿರುವ ಕಡೆ ಒಂದು ದಿನ ಸುತ್ತಿ ಬರಬೇಕು, ಎಲ್ಲಿಗೆ ಹೋಗಲಿ, ಬೆಂಗಳೂರಿನಲ್ಲಿ ನಂದಿ ಬೆಟ್ಟ ಹತ್ತುತ್ತಿದ್ದ ಸೈಕಲ್ಲೇ (ಹಲ್ಲುಗಾಲಿಗಳ ಹಲ್ಲಿನ ಲೆಕ್ಕದಲ್ಲಿ ಮುಂದೆ 50-34, ಹಿಂದೆ 11-28) ಸಾಕೇ ಎಂದು ಕೇಳಿದ್ದೀರಿ. ಹೋಗಬೇಕಾದ ಊರು ಸೆಟಲ್. ಸೈಕಲ್ ಸಾಕು, ಹಿಂದಿನ ಕ್ಯಾಸೆಟ್ (ಹಿಂಚಕ್ರದ ಹಲ್ಲುಗಾಲಿಗಳ ಗೊಂಚಲು) ಸಾಲದು.

ಡೇಲ್ಸ್‌ನಲ್ಲಿ ದೊಡ್ಡ ರಸ್ತೆಗಳು ಕಣಿವೆಯ ತಳ ಹಿಡಿದು ಹೋಗುತ್ತವೆ. ಕಾರು, ಲಾರಿ, ಬೈಕು ಎಲ್ಲವೂ ಅಲ್ಲೇ. ಒಂದು ಕಣಿವೆಯಿಂದ ಇನ್ನೊಂದಕ್ಕೆ ಗುಡ್ಡ ದಾಟಿಸುವ ಕಿರುದಾರಿಗಳು ಖಾಲಿ, ಏಕೆಂದರೆ ಅವು ಕಡಿದು. ಕುರಿ, ಕುದುರೆ ಓಡಾಡುತ್ತಿದ್ದ ಹಳೆಯ ಜಾಡಿನ ಮೇಲೇ ಡಾಂಬರು ಬಿದ್ದಿರುವುದರಿಂದ ಸುತ್ತಿ ಬಳಸಿ ಏರುವುದಿಲ್ಲ, ನೇರ ಮೇಲಕ್ಕೆ ಹೋಗುತ್ತವೆ. ನಂದಿ ಏಳೆಂಟು ಕಿಲೋಮೀಟರ್ ತಿರುವುಗಳಲ್ಲಿ ನಿಧಾನವಾಗಿ ಹತ್ತಿಸುತ್ತದೆ. ಇಲ್ಲಿನ ಏರು ಒಂದೆರಡು ಕಿಲೋಮೀಟರಿಗೆ ಮುಗಿದರೂ ನಡುವೆ 15% (ನೂರು ಮೀಟರಿಗೆ 15 ಮೀಟರ್ ಏರು), ಕೆಲವು ಕಡೆ 20% ಬಂದುಬಿಡುತ್ತದೆ. ರಸ್ತೆ ಖಾಲಿ ಇರಬೇಕೆಂದರೆ ಈ ಏರನ್ನು ಒಪ್ಪಿಕೊಳ್ಳಲೇಬೇಕು. ಹಾಗಾಗಿ ಮೊದಲು ಗೇರಿನ ಮಾತು.

ನೀವೂ ಸೈಕಲ್ಲೂ ಸೇರಿ 85 ಕಿಲೋ ಎಂದಿಟ್ಟುಕೊಳ್ಳಿ. 20% ಏರಿನಲ್ಲಿ ಗಂಟೆಗೆ 6 ಕಿ.ಮೀ. ವೇಗಕ್ಕೇ ಸುಮಾರು 280 ವ್ಯಾಟ್ ಬೇಕು. ಆ ವೇಗದಲ್ಲಿ 34-28 ಗೇರಿನಲ್ಲಿ (ಮುಂದೆ 34 ಹಲ್ಲು, ಹಿಂದೆ 28) ಪೆಡಲ್ ನಿಮಿಷಕ್ಕೆ 39 ಸುತ್ತು ಮಾತ್ರ ತಿರುಗುತ್ತದೆ. ಮಂಡಿಗೆ ಅದು ಶಿಕ್ಷೆ. 34-34 ಹಾಕಿದರೆ 48 ಸುತ್ತು, ಮುಂದೆ 30 ಹಲ್ಲಿನ ಚೈನ್‌ರಿಂಗ್ ಇದ್ದರೆ 54. 11-34 ಕ್ಯಾಸೆಟ್ ಕೊಳ್ಳುವ ಮುಂಚೆ ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ಸರಿಸುವ ತೋಳು) ನೋಡಿ. ಉದಾಹರಣೆಗೆ ಶಿಮಾನೊ 105 ಆರ್7000 ಗೇರ್ ಸೆಟ್ಟಿನಲ್ಲಿ ಗಿಡ್ಡ ಕೇಜಿನದು (ಕೇಜ್ ಎಂದರೆ ಡಿರೇಲರಿನ ಕೆಳಗೆ ಚೈನ್ ಹಿಡಿದಿರುವ ಚೌಕಟ್ಟು) 30 ಹಲ್ಲಿನವರೆಗೆ, ಉದ್ದ ಕೇಜಿನದು 34ರವರೆಗೆ. ಕ್ಯಾಸೆಟ್ ಜೊತೆ ಚೈನೂ ಹೊಸದಾಗಲಿ. 28ಕ್ಕೆ ಅಳತೆ ಮಾಡಿ ಕತ್ತರಿಸಿದ ಚೈನ್ 34ಕ್ಕೆ ಗಿಡ್ಡವಾಗುತ್ತದೆ, ಮುಂದಿನ ದೊಡ್ಡದಕ್ಕೂ ಹಿಂದಿನ ದೊಡ್ಡದಕ್ಕೂ ಒಟ್ಟಿಗೆ ಸಿಕ್ಕಿದರೆ ಡಿರೇಲರನ್ನೇ ಎಳೆದು ಮುರಿಯುತ್ತದೆ.

ಟೈರ್ 28 ಮಿ.ಮೀ.ಗಿಂತ ಸಣ್ಣದು ಬೇಡ. ಫ್ರೇಮಿನಲ್ಲಿ ಜಾಗವಿದ್ದರೆ 32 ಹಾಕಿ.

ಇನ್ನು ದಾರಿ. ಸೆಟಲ್ ಸ್ಟೇಷನ್ ಲೀಡ್ಸ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಸೆಟಲ್, ಲ್ಯಾಂಗ್‌ಕ್ಲಿಫ್, ಮಾಲಮ್ ಟಾರ್ನ್, ಆರ್ನ್‌ಕ್ಲಿಫ್, ಹಾಲ್ಟನ್ ಗಿಲ್, ಸ್ಟೇನ್‌ಫರ್ತ್, ಮತ್ತೆ ಸೆಟಲ್: ಸುಮಾರು 45 ಕಿ.ಮೀ., ಒಟ್ಟು ಏರು 800 ಮೀಟರ್ ಆಸುಪಾಸು. ಸಂಖ್ಯೆ ನೋಡಿ ಚಿಕ್ಕದೆನ್ನಬೇಡಿ, ನಾಲ್ಕು ಗಂಟೆ ಇಟ್ಟುಕೊಳ್ಳಿ.

ಲ್ಯಾಂಗ್‌ಕ್ಲಿಫ್ ಊರು ದಾಟುತ್ತಿದ್ದಂತೆ ಏರು ಶುರು. ಮೈ ಬಿಸಿಯಾಗುವ ಮುಂಚೆಯೇ ಬರುವ ಏರು ಇದು, ಆರಂಭದಿಂದಲೇ ಅತಿ ಸಣ್ಣ ಗೇರಿಗೆ ಇಳಿಸಿ. ಅರ್ಧ ಏರಿನಲ್ಲಿ, ಪೆಡಲ್ ಮೇಲೆ ಪೂರ್ತಿ ಭಾರ ಬಿದ್ದಿರುವಾಗ ಮುಂದಿನ ಗೇರ್ ಬದಲಿಸಲು ಹೋದರೆ ಚೈನ್ ಕಳಚಿ ಬೀಳುತ್ತದೆ. ಸುಮಾರು 150 ಮೀಟರ್ ಎತ್ತರದಿಂದ ಹೊರಟ ರಸ್ತೆ 400 ಮೀಟರ್ ಮುಟ್ಟುವಷ್ಟರಲ್ಲಿ ಮರಗಳು ಮುಗಿದು ಸುಣ್ಣಕಲ್ಲಿನ ಬಯಲು ತೆರೆದುಕೊಳ್ಳುತ್ತದೆ. ಮಾಲಮ್ ಟಾರ್ನ್ ಕೆರೆಯ ಹತ್ತಿರದ ಕವಲಿನಲ್ಲಿ ಎಡಕ್ಕೆ, ಆರ್ನ್‌ಕ್ಲಿಫ್ ಕಡೆಗೆ ತಿರುಗಿ. ಬಲಕ್ಕೆ ಹೋದರೆ ಮಾಲಮ್ ಊರು. ರಜಾದಿನ ಅಲ್ಲಿ ಕಾರುಗಳ ಜಾತ್ರೆ.

ಅಲ್ಲಿಂದ ಡಾರ್ನ್‌ಬ್ರೂಕ್ ತೋಟದ ಮನೆಯವರೆಗೆ ಕಡಿದಾದ ಇಳಿಜಾರು, ಕೂಡಲೇ ಒಂದು ಕೆಟ್ಟ ಏರು, ಆಮೇಲೆ ಆರ್ನ್‌ಕ್ಲಿಫ್‌ಗೆ ಉದ್ದದ ಇಳಿಕೆ. ಈ ತುಂಡು ಇಡೀ ಸುತ್ತಿನಲ್ಲೇ ಚೆಲುವಾದದ್ದು, ಅಪಾಯವಿರುವುದೂ ಇಲ್ಲೇ. ರಸ್ತೆ ಒಂದೇ ಕಾರಿನಗಲ. ಎದುರಿನಿಂದ ಟ್ರ್ಯಾಕ್ಟರ್ ಬಂದರೆ ಅದಕ್ಕೂ ನಿಲ್ಲಲು ಅಷ್ಟೇ ಜಾಗ ಬೇಕು. ಆದ್ದರಿಂದ ಕಣ್ಣಿಗೆ ಕಾಣುವ ದೂರದ ಅರ್ಧದೊಳಗೆ ನಿಲ್ಲಿಸಲಾಗುವ ವೇಗದಲ್ಲೇ ಇಳಿಯಿರಿ. ರಿಮ್ ಬ್ರೇಕ್ ಒದ್ದೆಯಾಗಿದ್ದರೆ ಮೊದಲ ಒಂದೆರಡು ಸುತ್ತು ಹಿಡಿಯುವುದೇ ಇಲ್ಲ, ತಿರುವಿಗೆ ಬಹಳ ಮುಂಚೆ ಮೆಲ್ಲಗೆ ಒತ್ತಿ ನೀರು ಒರೆಸಿಕೊಳ್ಳಿ. ದನ ಕುರಿ ದಾಟದಂತೆ ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಸರಳು ಹಾಕಿದ ಕ್ಯಾಟಲ್ ಗ್ರಿಡ್‌ಗಳು ಬರುತ್ತವೆ. ಅದರ ಮೇಲೆ ಬ್ರೇಕ್ ಹಿಡಿಯಬಾರದು, ಹ್ಯಾಂಡಲ್ ತಿರುಗಿಸಬಾರದು. ನೇರಕ್ಕೆ ಬಂದು, ಪೆಡಲ್ ನಿಲ್ಲಿಸಿ, ಸೀಟಿನಿಂದ ಸ್ವಲ್ಪ ಎದ್ದು ದಾಟಿ. ಮಳೆಯಲ್ಲಿ ಓರೆಯಾಗಿ ಹೋದವರು ಬೀಳುತ್ತಾರೆ. ಗೇಟ್ ಸಿಕ್ಕರೆ ಹೇಗಿತ್ತೋ ಹಾಗೇ ಬಿಟ್ಟು ಹೋಗಿ.

ಏಪ್ರಿಲ್, ಮೇ ತಿಂಗಳಲ್ಲಿ ಕುರಿಮರಿಗಳ ಬಗ್ಗೆ ಎಚ್ಚರ. ರಸ್ತೆಯ ಒಂದು ಬದಿಗೆ ತಾಯಿ, ಇನ್ನೊಂದು ಬದಿಗೆ ಮರಿ ಕಂಡರೆ ಆ ಮರಿ ನಿಮ್ಮ ಚಕ್ರದ ಮುಂದೆಯೇ ತಾಯಿಯತ್ತ ಓಡುತ್ತದೆ ಎಂದೇ ತಿಳಿಯಿರಿ.

ಆರ್ನ್‌ಕ್ಲಿಫ್‌ನಿಂದ ಹಾಲ್ಟನ್ ಗಿಲ್‌ವರೆಗೆ ಸ್ಕರ್‌ಫೇರ್ ಹೊಳೆಯ ಪಕ್ಕ ಸುಖವಾದ ದಾರಿ. ಹಾಲ್ಟನ್ ಗಿಲ್‌ನಲ್ಲಿ ಎಡಕ್ಕೆ ಸೇತುವೆ ದಾಟಿದರೆ ಕೊನೆಯ ದೊಡ್ಡ ಏರು, 430 ಮೀಟರ್ ಸುಮಾರಿಗೆ. ಬಲಕ್ಕೆ ಪೆನ್-ಇ-ಗೆಂಟ್ ಬೆಟ್ಟ (694 ಮೀಟರ್), ಎಡಕ್ಕೆ ಫೌಂಟನ್ಸ್ ಫೆಲ್ ಬೆಟ್ಟ. ಇಲ್ಲಿ ಏರಿಗಿಂತ ಗಾಳಿ ಹೆಚ್ಚು ಕಾಡುತ್ತದೆ. ಈ ಸೀಮೆಯಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ, ನೀವು ಹೋಗುವುದೂ ಆ ದಿಕ್ಕಿಗೇ. ಮುನ್ಸೂಚನೆಯಲ್ಲಿ ಗಾಳಿ ಗಂಟೆಗೆ 30 ಕಿ.ಮೀ. ಮೀರಿದ್ದರೆ ಸುತ್ತನ್ನು ತಿರುಗಾಮುರುಗಾ ಮಾಡಿ: ಸ್ಟೇನ್‌ಫರ್ತ್ ಕಡೆಯಿಂದ ಹತ್ತಿದರೆ ಈ ಬಯಲಿನಲ್ಲಿ ಗಾಳಿ ಬೆನ್ನಿಗಿರುತ್ತದೆ. ಆಗ ಲ್ಯಾಂಗ್‌ಕ್ಲಿಫ್‌ನ ಕಡಿದಾದ ತುಂಡು ಕೊನೆಗೆ ಇಳಿಜಾರಾಗಿ ಬರುತ್ತದೆ. ದಣಿದ ಕೈಯಲ್ಲಿ ಬ್ರೇಕ್ ಹಿಡಿದು ಇಳಿಯಬೇಕು ಅನ್ನುವುದಷ್ಟೇ ಅದರ ತೊಂದರೆ.

ಸ್ಟೇನ್‌ಫರ್ತ್ ತಲುಪಿದ ಮೇಲೆ ಬಿ6479 ರಸ್ತೆ ಹಿಡಿದು ಸೆಟಲ್‌ಗೆ ನುಗ್ಗಬೇಡಿ. ಹಾರ್ಟನ್ ಕಡೆಯ ಕಲ್ಲುಕ್ವಾರಿಗಳ ಲಾರಿಗಳು ವಾರದ ದಿನಗಳಲ್ಲಿ ಅದೇ ರಸ್ತೆಯಲ್ಲಿ ಓಡುತ್ತವೆ. ಅದನ್ನು ದಾಟಿ, ರಿಬಲ್ ನದಿಯ ಹಳೆಯ ಕಲ್ಲುಸೇತುವೆಯ ಮೇಲೆ ಲಿಟಲ್ ಸ್ಟೇನ್‌ಫರ್ತ್‌ಗೆ ಹೋಗಿ, ಎಡಕ್ಕೆ ತಿರುಗಿ ಸ್ಟ್ಯಾಕ್‌ಹೌಸ್ ಮೂಲಕ ಸೆಟಲ್‌ಗೆ ಹೋಗುವ ಕಿರುದಾರಿ ಹಿಡಿಯಿರಿ. ದೂರ ಹೆಚ್ಚುಕಡಿಮೆ ಅಷ್ಟೇ.

ಬೇರೆ ಸುತ್ತುಗಳನ್ನು ನೀವೇ ಹುಡುಕಲು ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನನ್ಸ್ ಸರ್ವೆಯ 1:50,000 ಲ್ಯಾಂಡ್‌ರೇಂಜರ್ ನಕ್ಷೆಗಿಂತ ಒಳ್ಳೆಯದಿಲ್ಲ. ಈ ಭಾಗಕ್ಕೆ 98ನೆಯ ಹಾಳೆ. ಹಳದಿ ಬಣ್ಣದ ಸಣ್ಣ ರಸ್ತೆಗಳಲ್ಲಿ ಇನ್ನೂ ತೆಳ್ಳಗೆ ಬರೆದವು 4 ಮೀಟರಿಗಿಂತ ಕಿರಿದು, ನಿಮಗೆ ಬೇಕಾದವು ಅವೇ. ಅಂಚು ತುಂಡುಗೆರೆಯಾಗಿದ್ದರೆ ಬೇಲಿಯೂ ಇಲ್ಲ, ಕಲ್ಲಿನ ಪಾಗಾರವೂ ಇಲ್ಲ, ಕುರಿಗಳು ರಸ್ತೆಯಲ್ಲೇ ಇರುತ್ತವೆ. ರಸ್ತೆಯ ಮೇಲೆ ಒಂದು ಬಾಣ ಇದ್ದರೆ ಇಳಿಜಾರು 14ರಿಂದ 20%, ಎರಡಿದ್ದರೆ ಅದಕ್ಕೂ ಮೇಲೆ. ಮೊನೆ ಇಳಿಯುವ ಕಡೆಗೆ. ಕೆಟಲ್‌ವೆಲ್‌ನ ಪಾರ್ಕ್ ರ್ಯಾಶ್‌ನಂಥ 25% ಏರುಗಳು ಹೀಗೇ ಮೊದಲೇ ಗೊತ್ತಾಗುತ್ತವೆ. ಮೊದಲ ಸಲಕ್ಕೆ ಅದು ಬೇಡ.

ಫೋನಿನ ಆಪ್‌ಗಳು ಹಾಕಿಕೊಡುವ ದಾರಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಮಾಲಮ್ ಬಳಿಯ ಮಾಸ್ಟೈಲ್ಸ್ ಲೇನ್ ಹೆಸರಿಗೆ ಲೇನ್, ಹೋಗಿ ನೋಡಿದರೆ ಕಲ್ಲುಹಾಸು ಮತ್ತು ಹುಲ್ಲು. ಬ್ರೈಡಲ್‌ವೇಗಳಲ್ಲಿ (ಕುದುರೆ ಸವಾರರ ಹಾದಿಗಳಲ್ಲಿ) ಸೈಕಲ್ ತುಳಿಯಲು 1968ರ ಕಾಯಿದೆಯೇ ಅನುಮತಿ ಕೊಟ್ಟಿದೆ, ಆದರೆ 28 ಮಿ.ಮೀ. ಟೈರಿಗೆ ಅವು ಆಗಿಬರುವುದಿಲ್ಲ. ದಾರಿಯನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ, ಕಣಿವೆಗಳೊಳಗೆ ಸಿಗ್ನಲ್ ಇರುತ್ತದೆಂದು ಲೆಕ್ಕ ಹಾಕಬೇಡಿ.

ತಿನ್ನುವುದು ಕುಡಿಯುವುದು ಸೆಟಲ್‌ನಲ್ಲೇ ತುಂಬಿಸಿಕೊಳ್ಳಿ: 750 ಮಿ.ಲೀ.ನ ಎರಡು ಬಾಟಲಿ. ಆರ್ನ್‌ಕ್ಲಿಫ್‌ನಲ್ಲಿ ಪಬ್ ಇದೆ, ಅದು ತೆರೆದಿರುತ್ತದೆ ಎಂಬ ಭರವಸೆಯ ಮೇಲೆ ಹೊರಡಬೇಡಿ. ಎರಡು ಟ್ಯೂಬ್, ಪ್ಯಾಚ್, ಪಂಪ್, ಚೈನ್ ಟೂಲ್, ಗಾಳಿ ತಡೆಯುವ ಜಾಕೆಟ್. ಬೇಸಿಗೆಯಲ್ಲೂ ಜಾಕೆಟ್ ಇರಲಿ, ಮೇಲೆ ಸೆಟಲ್‌ಗಿಂತ ಎರಡು ಡಿಗ್ರಿ ತಂಪು, ಗಾಳಿಯಲ್ಲಿ ಇನ್ನೂ ಹೆಚ್ಚು. ಸೆಪ್ಟೆಂಬರ್‌ನಿಂದ ಕೆಳಗಿನ ಊರುಗಳ ಸುತ್ತ ಮುಳ್ಳುಬೇಲಿ ಕತ್ತರಿಸುವ ಕಾಲ (ಹಕ್ಕಿಗಳು ಗೂಡು ಕಟ್ಟುವ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕತ್ತರಿಸುವಂತಿಲ್ಲ). ಹಾಥಾರ್ನ್ ಮುಳ್ಳು ಟೈರಿನೊಳಗೇ ಉಳಿದು ಹೊಸ ಟ್ಯೂಬನ್ನೂ ಚುಚ್ಚುತ್ತದೆ, ಬದಲಿಸುವ ಮುಂಚೆ ಟೈರಿನ ಒಳಗೆ ಬೆರಳಾಡಿಸಿ ಕೀಳಿರಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈ ಸುತ್ತನ್ನು ಬಿಟ್ಟುಬಿಡಿ. ಕಿರುದಾರಿಗಳಿಗೆ ಉಪ್ಪು ಚೆಲ್ಲುವುದಿಲ್ಲ, ಗುಡ್ಡದಿಂದ ಒಸರುವ ನೀರು ರಸ್ತೆಗೆ ಅಡ್ಡಲಾಗಿ ಹೆಪ್ಪುಗಟ್ಟಿರುತ್ತದೆ.

ರೈಲಿನಲ್ಲಿ ಎರಡೇ ಸೈಕಲ್‌ಗೆ ಜಾಗ, ಮೊದಲು ಬಂದವರಿಗೆ ಮೊದಲು. ಆದ್ದರಿಂದ ಭಾನುವಾರ ನಾಲ್ಕು ಜನರ ಗುಂಪು ಕಟ್ಟಿಕೊಂಡು ಹೋಗಬೇಡಿ, ಬೆಳಗಿನ ಮೊದಲ ರೈಲನ್ನೇ ಹಿಡಿಯಿರಿ, ವಾಪಸಾಗಲು ಕೊನೆಯ ರೈಲಿಗಿಂತ ಒಂದು ಮುಂಚಿನದನ್ನು ಗುರಿಯಾಗಿಟ್ಟುಕೊಳ್ಳಿ.