ಬೇರೆ ಊರಲ್ಲಿರುವ ಅತ್ತೆಗೆ ಅಳತೆಗೆ ಸರಿಯಾದ ಕಾರ್ಡಿಗನ್ ಹೆಣೆಯುವುದು ಹೇಗೆ?

ಮೈ ಅಳತೆ ಕೇಳಬೇಡಿ, ಅವರಿಗೆ ಇಷ್ಟವಾದ ಹಳೇ ಸ್ವೆಟರಿನ ಅಳತೆ ಕೇಳಿ. ಗುಂಡಿ ಹಾಕಿ, ಎಳೆಯದೆ ಮಂಚದ ಮೇಲೆ ಹರಡಿ, ಕಂಕುಳಿಂದ ಕಂಕುಳಿಗೆ ಟೇಪ್ ಇಡಲು ಹೇಳಿ. 52 ಸೆಂ.ಮೀ. ಬಂದರೆ ಸುತ್ತಳತೆ 104. ಸಡಿಲ ಅದರಲ್ಲೇ ಸೇರಿರುತ್ತದೆ, ಮತ್ತೆ ಕೂಡಿಸಬೇಡಿ. ಹಾಗೇ ಉದ್ದ, ತೋಳು, ಭುಜ. ಸೀರೆ ಉಡುವವರಾದರೆ ಸೆರಗಿಗೂ ಜಾಗ ಬೇಕು, ಅಲ್ವಾ? ಸೀರೆ ಮೇಲೆ ಹಾಕುವ ಸ್ವೆಟರನ್ನೇ ಅಳೆಯಲಿ.

ಆಮೇಲೆ ಅದೇ ಉಣ್ಣೆ, ಅದೇ ಕಡ್ಡಿಯಲ್ಲಿ 15 ಸೆಂ.ಮೀ. ಚೌಕ ಹೆಣೆಯಿರಿ. ತೊಳೆದು ಒಣಗಿಸಿ, ನಡುವಿನ 10 ಸೆಂ.ಮೀ.ಯಲ್ಲಿ ಎಷ್ಟು ಕುಣಿಕೆ ಇವೆ ಎಣಿಸಿ. 22 ಇದ್ದರೆ 104 ಸೆಂ.ಮೀ.ಗೆ ಸುಮಾರು 229 ಬೇಕು. ಗುಂಡಿಪಟ್ಟಿ ಒಂದರ ಮೇಲೊಂದು ಕೂರುವುದಕ್ಕೆ ಬೇರೆ ಲೆಕ್ಕ.

ನಾನೊಮ್ಮೆ ಅಕ್ಕನಿಗೆ ಸ್ವೆಟರ್ ಹೆಣೆಯುವಾಗ ಸೋಮಾರಿತನದಿಂದ ಈ ಚೌಕ ಹೆಣೆಯಲಿಲ್ಲ. 22 ಅಂದುಕೊಂಡಿದ್ದು ನಿಜಕ್ಕೂ 20 ಇತ್ತು. ಬರೀ ಎರಡು ಕುಣಿಕೆ, ಆದರೆ ಸ್ವೆಟರ್ 10 ಸೆಂ.ಮೀ. ದೊಡ್ಡದಾಯಿತು! ಅಕ್ಕ ಏನೂ ಅನ್ನಲಿಲ್ಲ, ಸುಮ್ನೆ ತೋಳು ಎರಡು ಸುತ್ತು ಮಡಚಿಕೊಂಡಳು.

ಕತ್ತಿನಿಂದ ಕೆಳಕ್ಕೆ ಹೆಣೆಯುವ ವಿನ್ಯಾಸ ಆರಿಸಿದರೆ ಉದ್ದವನ್ನು ಕೊನೆಗೆ ನೋಡಿಕೊಳ್ಳಬಹುದು. ಉಣ್ಣೆ ಮಾತ್ರ ಮೊದಲೇ ಒಂದು ಉಂಡೆ ಜಾಸ್ತಿ ತನ್ನಿ. ಆಮೇಲೆ ಅದೇ ಬಣ್ಣ ಸಿಗುವುದು ಕಷ್ಟ.